ನೀರು ಎಷ್ಟನೇ ಪಟ್ಟೆಗೆ?

ಭೂಗೋಳ ಕಲಿಸುವವರಿಗೇ ಬಸ್ಸು ಆಗದಿದ್ದರೆ ಹೇಗೆ, ನೀವೇ ಹೇಳಿ. ಈಜು ಕಲಿಸುವವನಿಗೆ ನೀರು ಕಂಡರೆ ಚಳಿಜ್ವರ ಬಂದ ಹಾಗಾಯಿತು. ಆದರೆ ನಮ್ಮ ನಿಂಬೆಹಣ್ಣು ಟೀಚರ ಹಣೆಯಲ್ಲಿ ಅದೇ ಬರೆದಿತ್ತು. ಬಸ್ಸು ಹತ್ತಿ ಸೀಟಿನಲ್ಲಿ ಕೂತು, ಇಂಜಿನ್ನು ಒಮ್ಮೆ ಗುರ್ರೆಂದರೆ ಸಾಕು, ಹೊಟ್ಟೆ ತೊಳಸಲು ಶುರು. ಕಾರಾದರೂ ಅಷ್ಟೇ, ಆಟೊ ಆದರೂ ಅಷ್ಟೇ. ರೈಲು ವಾಸಿ ಎಂದು ಯಾರೋ ಹೇಳಿದ್ದನ್ನು ನಂಬಿ ಹತ್ತಿದವರು ಮುಂದಿನ ಸ್ಟೇಷನ್ನಿನಲ್ಲೇ ಇಳಿದು, ಹಳಿ ಪಕ್ಕ ನಡೆದುಕೊಂಡು ವಾಪಸ್ಸು ಬಂದಿದ್ದರು. ತೀರಾ ಅನಿವಾರ್ಯವಾದಾಗ ಮೂಗಿಗೆ ಒಂದು ನಿಂಬೆಹಣ್ಣು ಹಿಡಿದು, ಕಣ್ಣು ಮುಚ್ಚಿ, ಯಾರೂ ಮಾತಾಡಿಸಬೇಡಿ ಎಂದು ಕೈಸನ್ನೆ ಮಾಡುತ್ತಾ ಹೋಗುವುದು. ಅದನ್ನು ಯಾವ ಕಾಲದಲ್ಲೋ ಒಬ್ಬ ಹುಡುಗ ನೋಡಿದ, ಹೆಸರು ಅಂಟಿತು. ಆ ಹುಡುಗನ ಮಗಳೇ ಈಗ ಅವರ ತರಗತಿಯಲ್ಲಿದ್ದಾಳೆ, ಹೆಸರು ಮಾತ್ರ ಬಿಟ್ಟುಹೋಗಿಲ್ಲ. ಟೀಚರಿಗೂ ಗೊತ್ತು. "ಇಟ್ರೆ ಇಡ್ಲಿ ಬಿಡಿ. ಹಾಗಲಕಾಯಿ ಅನ್ಲಿಲ್ವಲ್ಲ" ಎಂದು ನಗುತ್ತಿದ್ದರು.

ಇನ್ನು ಇಂಥವರು ಮದುವೆಯಾದದ್ದು ಯಾರನ್ನು? ಬಸ್ ಡ್ರೈವರನ್ನು! ಹೆಣ್ಣು ನೋಡಲು ಬಂದ ದಿನವೇ ಟೀಚರ್ ಮುಚ್ಚುಮರೆಯಿಲ್ಲದೆ ಹೇಳಿದ್ದರು, "ನೋಡಿ, ನನಗೆ ಬಸ್ಸು ಆಗಲ್ಲ." ಡ್ರೈವರ್, "ನನಗೆ ಭೂಗೋಳ ಆಗಲ್ಲ. ಸರಿಹೋಯ್ತಲ್ಲ" ಎಂದರು. ಅಷ್ಟಕ್ಕೇ ಮದುವೆ ಕುದುರಿತು. ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರಲ್ಲ, ಆ ಮನೆಯಲ್ಲಿ ಆ ಎರಡು ಕೆಲಸವನ್ನೂ ಗಂಡ ಹೆಂಡತಿ ಪಾಲು ಮಾಡಿಕೊಂಡರು. ಅವರು ಸುತ್ತಿದರು, ಇವರು ಓದಿದರು.

ಡ್ರೈವರದ್ದು ದೂರದ ರೂಟು. ಬೆಳಗಿನ ಜಾವ ಹೊರಟರೆ ಗುಡ್ಡ ಇಳಿದು, ಬಯಲು ದಾಟಿ, ನದಿ ಸಮುದ್ರ ಸೇರುವ ಅಳಿವೆಯ ಆಚೆ ದಡದವರೆಗೆ ಹೋಗಿ, ರಾತ್ರಿ ಊಟದ ಹೊತ್ತಿಗೆ ಮನೆ. ಕೈತೊಳೆದು ತಟ್ಟೆಯ ಮುಂದೆ ಕೂತರೋ ಇಲ್ಲವೋ, ಟೀಚರ ಪ್ರಶ್ನೆ ಶುರು. "ರೀ, ಮಣ್ಣು ಯಾವ ತಿರುವಿನಿಂದ ಕೆಂಪಗಾಗುತ್ತೆ?" ಮೊದಮೊದಲು ಅವರು, "ಮಣ್ಣು ಮಣ್ಣಿನ ಬಣ್ಣಾನೇ ಇತ್ತು ಕಣೇ. ನಾನು ರೋಡು ನೋಡ್ಲೋ ಮಣ್ಣು ನೋಡ್ಲೋ?" ಎಂದು ರೇಗುತ್ತಿದ್ದರು. ಬರಬರುತ್ತಾ ಬುದ್ಧಿ ಬಂತು. ಹೇಳದಿದ್ದರೆ ಎರಡನೇ ಸಲ ಬಡಿಸಲು ಯಾರೂ ಏಳುವುದಿಲ್ಲ ಎಂಬುದೂ ಗೊತ್ತಾಯಿತು. ಆಮೇಲೆ ತಾವಾಗಿಯೇ, ಹೊಳೆಯ ನೀರು ಇವತ್ತು ಕದಡಿತ್ತು, ಮೇಲೆ ಎಲ್ಲೋ ಮಳೆಯಾಗಿರಬೇಕು ಎಂದೆಲ್ಲ ಹೇಳತೊಡಗಿದರು. ಆ ಊಟದ ಮಾತು ಮರುದಿನ ತರಗತಿಯಲ್ಲಿ ಪಾಠವಾಗುತ್ತಿತ್ತು. ಟೀಚರು ಕಂಡ ಲೋಕವೆಲ್ಲ ಗಂಡನ ಕಣ್ಣಿನಲ್ಲಿ ಕಂಡದ್ದೇ.

ಫೋನಿನಲ್ಲಿ ಮುಖ ನೋಡಿ ಮಾತಾಡುವ ಕಾಲ ಬಂದಮೇಲೂ ಅವರಿಬ್ಬರಿಗೆ ಅದನ್ನು ಶಾಲೆಗೆ ತರಬೇಕೆಂದು ಹೊಳೆದಿರಲಿಲ್ಲ. ಹೊಳೆದದ್ದು ಒಂದು ತಪ್ಪಿನಿಂದ. ಒಂದು ಶುಕ್ರವಾರ ಏಳನೇ ತರಗತಿಗೆ ಟೀಚರ್ ಸಮುದ್ರದ ಉಬ್ಬರ ಇಳಿತದ ಪಾಠ ಮಾಡುತ್ತಿದ್ದರು. ಬೋರ್ಡಿನ ಮೇಲೆ ಭೂಮಿ, ಚಂದ್ರ, ಎರಡು ಬಾಣದ ಗುರುತು. ಅರ್ಧ ತರಗತಿ ತೂಕಡಿಸುತ್ತಿತ್ತು, ಇನ್ನರ್ಧ ತೂಕಡಿಸುವವರನ್ನು ನೋಡಿ ಕಿಸಿಕಿಸಿ ನಗುತ್ತಿತ್ತು. ಅಷ್ಟರಲ್ಲಿ ಟೀಚರ ಫೋನು ಹೊಡೆದುಕೊಂಡಿತು. ಡ್ರೈವರ್ ಊಟದ ಡಬ್ಬಿ ಮನೆಯಲ್ಲೇ ಬಿಟ್ಟೆನೇ ಎಂದು ಕೇಳಲು ಹೋಗಿ, ಒತ್ತಬೇಕಾದ್ದು ಬಿಟ್ಟು ವಿಡಿಯೊ ಒತ್ತಿದ್ದರು. ಫೋನನ್ನು ಕಿವಿಗೆ ಹಿಡಿದುಕೊಂಡಿದ್ದರಿಂದ ಮುಖ ಕಾಣಲಿಲ್ಲ, ಅವರ ಹಿಂದಿದ್ದ ನೀರು ಪೂರ್ತಿ ಕಂಡಿತು. "ಟೀಚರ್, ಸಮುದ್ರ!" ಎಂದು ಮುಂದಿನ ಬೆಂಚು ಕೂಗಿತು. ಹಿಂದಿನ ಬೆಂಚು ಎದ್ದು ಮುಂದೆ ಓಡಿಬಂತು. ಡಬ್ಬಿಯ ವಿಷಯ ಯಾರಿಗೂ ನೆನಪಾಗಲಿಲ್ಲ. ಆ ದಿನ ಡ್ರೈವರ್ ಬಿಸ್ಕತ್ತು ತಿಂದುಕೊಂಡು ಮನೆಗೆ ಬಂದರು.

ಆ ಅಳಿವೆಗೆ ಸೇತುವೆ ಇಲ್ಲ. ಬಸ್ಸು ಲಾರಿಗಳನ್ನೆಲ್ಲ ಹೊತ್ತು ದಾಟಿಸುವುದು ಒಂದು ದೊಡ್ಡ ಲಾಂಚ್. ಅದು ಆಚೆ ದಡಕ್ಕೆ ಹೋಗಿ ಬರುವವರೆಗೆ ಈಚೆ ದಡದಲ್ಲಿ ಎಲ್ಲರೂ ಇಳಿದು ಕಾಯಲೇಬೇಕು. ಡ್ರೈವರ ಬಸ್ಸು ಅಲ್ಲಿಗೆ ಮುಟ್ಟುವ ಹೊತ್ತೂ ಏಳನೇ ತರಗತಿಯ ಮೂರನೇ ಪೀರಿಯಡ್ಡೂ ಒಂದೇ. ಬೇರೇನು ಬೇಕು? ಹಳೇ ವಿದ್ಯಾರ್ಥಿಗಳು ಕೊಟ್ಟ ದೊಡ್ಡ ಟೀವಿಯೊಂದು ಧೂಳು ಬೀಳಬಾರದೆಂದು ಬಟ್ಟೆ ಹೊದ್ದುಕೊಂಡು ಗೋಡೆಯ ಮೇಲೆ ಕೂತಿತ್ತು. ಟೀಚರ್ ಬಟ್ಟೆ ಎಳೆದು ಬಿಸಾಕಿ ತಮ್ಮ ಫೋನನ್ನು ಅದಕ್ಕೆ ಜೋಡಿಸಿದರು. ಫೋನಿಗೆ ಆಸರೆಯಾಗಿ ಎರಡು ಡಸ್ಟರು. ಕಿಟಕಿಯ ಬೆಳಕು ಟೀವಿಗೆ ಹೊಡೆಯುತ್ತದೆಂದು ಗೋಡೆಯ ಪ್ರಪಂಚದ ಭೂಪಟವನ್ನೇ ಕಿಟಕಿಗೆ ಕಟ್ಟಿದರು. "ಅಂತೂ ಇದಕ್ಕೂ ಒಂದು ಕೆಲಸ ಸಿಕ್ತು" ಎಂದರು.

ಶುಕ್ರವಾರದ ಪಾಠಕ್ಕೆ ಒಂದು ಪದ್ಧತಿ ಬೆಳೆಯಿತು. ಲಾಂಚ್ ಕಟ್ಟುವ ಜಾಗದಲ್ಲಿ ನೀರಿನೊಳಗೆ ಒಂದು ಕಂಬ ಉಂಟು, ಅದಕ್ಕೆ ಕೆಂಪು ಬಿಳಿ ಪಟ್ಟೆ. ಕರೆ ಬಂದ ಕೂಡಲೇ ಮಕ್ಕಳೆಲ್ಲ ಒಕ್ಕೊರಲಿನಲ್ಲಿ, "ಸಾರ್, ನೀರು ಎಷ್ಟನೇ ಪಟ್ಟೆಗೆ?" ಎಂದು ಕೇಳಬೇಕು. ಡ್ರೈವರ್ ಕಂಬ ತೋರಿಸಬೇಕು. ಅದಕ್ಕೂ ಮುಂಚೆ, ಹಿಂದಿನ ರಾತ್ರಿಯ ಚಂದ್ರನನ್ನು ನೋಡಿ ಮಕ್ಕಳು ತಮ್ಮ ಅಂದಾಜನ್ನು ಬೋರ್ಡಿನ ಮೇಲೆ ಬರೆದಿರಬೇಕು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಿದ್ದ ಶುಕ್ರವಾರ ಆ ಹೊತ್ತಿಗೆ ನೀರು ಮೇಲಿನ ಪಟ್ಟೆಗೆ ಏರುತ್ತದೆ, ಅರ್ಧಚಂದ್ರನ ಶುಕ್ರವಾರ ಕೆಳಗಿಳಿದಿರುತ್ತದೆ ಎಂದು ಮಕ್ಕಳು ತಾವೇ ಕಂಡುಕೊಂಡರು. ಬೋರ್ಡಿನ ಬಾಣದ ಗುರುತಿಗೆ ಆಗ ಜೀವ ಬಂತು.

ಕಂಬ ಆದಮೇಲೆ ಅತಿಥಿ. ಲಾಂಚಿಗೆ ಕಾಯುವ ಸಾಲಿನಲ್ಲಿ ಯಾರು ಸಿಕ್ಕಿದರೆ ಅವರು. ಜೇನುಪೆಟ್ಟಿಗೆಗಳನ್ನು ಲಾರಿಯಲ್ಲಿ ಹೂವಿರುವ ಕಡೆಗೆ ಸಾಗಿಸುವವನು ಸಿಕ್ಕಿದ. ಆಳೆತ್ತರದ ಕನ್ನಡಿಯನ್ನು ಮಗುವಿನ ಹಾಗೆ ತಬ್ಬಿಕೊಂಡು ನಿಂತ ಹೆಂಗಸು ಸಿಕ್ಕಿದಳು. ಸೈಕಲ್ಲಿನಲ್ಲಿ ದೇಶಗಳನ್ನೇ ದಾಟಿಕೊಂಡು ಬಂದ ಮುದುಕ ಮುದುಕಿ ಸಿಕ್ಕಿದರು. ಅವರು ತಮ್ಮ ಊರಿಗೆ ಮರಳಿದ ಮೇಲೆ ಅಲ್ಲಿಂದಲೂ ಕರೆ ಮಾಡಿ ಹಿಮ ತೋರಿಸಿದರು. ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು, ಬಾಯಿ ಬಿಟ್ಟರೆ ಪ್ರಶ್ನೆ, ಅದಕ್ಕೇ ಎಲ್ಲರೂ ಅವಳನ್ನು ಪ್ರಶ್ನೆಪತ್ರಿಕೆ ಎಂದೇ ಕರೆಯುತ್ತಿದ್ದರು. ಅವಳು ತನಗೆ ಗೊತ್ತಿದ್ದ ಅರೆಬರೆ ಇಂಗ್ಲಿಷಿನಲ್ಲಿ, ಹಿಮ ಬೀಳುವಾಗ ಸದ್ದು ಬರುತ್ತಾ ಎಂದು ಕೇಳಿದಳು. ಮುದುಕಿ ಉತ್ತರ ಹೇಳಲಿಲ್ಲ, ಫೋನನ್ನು ಅಂಗಳದಲ್ಲಿಟ್ಟು ಸುಮ್ಮನೆ ನಿಂತಳು. ಇಡೀ ಏಳನೇ ತರಗತಿ ಉಸಿರು ಬಿಗಿಹಿಡಿದು ಕೇಳಿಸಿಕೊಂಡಿತು. ಆ ಶಾಲೆಯಲ್ಲಿ ಅಂಥ ಮೌನವನ್ನು ಅದಕ್ಕೂ ಮುಂಚೆ ಯಾರೂ ಕಂಡಿರಲಿಲ್ಲ.

ಯಾರೂ ಸಿಗದ ದಿನಕ್ಕೆ ಲಾಂಚ್ ಅಕ್ಕ ಇದ್ದೇ ಇದ್ದಳು. ದಡದಲ್ಲಿ ನಿಂತು ಲಾಂಚಿನ ಟಿಕೆಟ್ ಹರಿಯುವವಳು. ಅವಳ ಗಂಟಲಿಗೆ ಮೈಕಿನ ಹಂಗಿಲ್ಲ. ಡ್ರೈವರ ಫೋನು ಚಾರ್ಜಿಲ್ಲದೆ ಸತ್ತ ಒಂದು ಶುಕ್ರವಾರ ಅವಳ ಫೋನಿನಿಂದಲೇ ಪಾಠ ನಡೆದಿತ್ತು.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿದ್ದರೆ ಯಾರಿಗಾದರೂ ಹೊಟ್ಟೆ ಉರಿಯಬೇಕಲ್ಲ? ಉರಿಯಿತು. ಯಾರೋ ಒಬ್ಬ ತಂದೆ ಮೇಲಿನವರಿಗೆ ದೂರು ಕೊಟ್ಟ. ಒಂದು ಸೋಮವಾರ ಹೆಡ್ ಮೇಡಂ ಟೀಚರನ್ನು ಕರೆದರು. ಒಳ್ಳೆಯ ಹೆಂಗಸು, ಆದರೆ ಮೇಲಿನವರ ಫೋನು ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವ ಜಾತಿ.

"ಟೀಚರ್, ಶುಕ್ರವಾರ ಸಾಹೇಬ್ರು ಬರ್ತಾರಂತೆ. ಭೂಗೋಳದ ಪೀರಿಯಡ್ಡಲ್ಲಿ ಮಕ್ಕಳು ಟೀವಿ ನೋಡ್ಕೊಂಡು ಕೂತಿರ್ತಾರೆ ಅಂತ ಅವರಿಗೆ ಹೋಗಿದೆ. ಅವರಿಗೆ ಸರಿ ಅನ್ನಿಸ್ಲಿಲ್ಲ ಅಂದ್ರೆ ಟೀವಿ ಆಫೀಸ್ ರೂಮಿಗೆ, ಪೀರಿಯಡ್ಡು ಗಣಿತಕ್ಕೆ. ನಾನೇನೂ ಮಾಡೋಕಾಗಲ್ಲ ನೋಡಿ."

ಆ ಪೀರಿಯಡ್ಡು ಮಕ್ಕಳದ್ದು, ನಿಜ. ಆದರೆ ಮನಸ್ಸು ಬಿಚ್ಚಿ ಹೇಳಬೇಕೆಂದರೆ ಅದು ಟೀಚರದ್ದೂ ಹೌದು. ಇಷ್ಟು ವರ್ಷ ಕೇಳಿ ಕೇಳಿ ಕಲ್ಪಿಸಿಕೊಂಡದ್ದನ್ನು ವಾರಕ್ಕೊಮ್ಮೆ ಕಣ್ಣಾರೆ ನೋಡುತ್ತಿದ್ದರು. ಅದು ಹೋದರೆ ಮತ್ತೆ ಬೋರ್ಡು, ಬಾಣದ ಗುರುತು, ತೂಕಡಿಕೆ. ರಾತ್ರಿ ಗಂಡನ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಹೇಳಿ, "ಈ ಶುಕ್ರವಾರ ಒಂದು ಕೈ ಹಿಡೀರಿ. ಒಳ್ಳೆ ಅತಿಥಿ ಹುಡುಕಿ. ಇದು ತಪ್ಪಿದ್ರೆ ನನಗೆ ಪಾಠ ಮಾಡೋಕೇ ಮನಸ್ಸು ಬರಲ್ಲ" ಎಂದು ಕಣ್ಣು ಒರೆಸಿಕೊಂಡರು. ಡ್ರೈವರ್ ಅನ್ನ ಕಲಸುತ್ತಲೇ ಇದ್ದರು. "ಆಯ್ತು ಬಿಡೇ" ಎಂದರು. ಅಷ್ಟೇ.

ಅವರು ಯಾಕೆ ಅಷ್ಟೇ ಅಂದರು ಎಂಬುದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಟೀಚರಿಗೆ ಮಾತ್ರ ಹೇಳಬೇಡಿ. ಅದೇ ಸೋಮವಾರ ಬೆಳಿಗ್ಗೆ ಡಿಪೋದಲ್ಲಿ ಅವರನ್ನು ದೂರದ ರೂಟಿನಿಂದ ತೆಗೆದು ಸಿಟಿ ಬಸ್ಸಿಗೆ ಹಾಕಿದ್ದರು. ಮೊಣಕಾಲು ನೋವು, ವಯಸ್ಸು, ಇನ್ನು ಗುಡ್ಡದ ದಾರಿ ಬೇಡ ಎಂದು. ಅದನ್ನು ಹೇಳಬೇಕೆಂದೇ ಅವರು ಮನೆಗೆ ಬಂದದ್ದು. ಹೆಂಡತಿಯ ಕಣ್ಣೀರು ನೋಡಿ, ಹೇಳಬೇಕಾದ್ದನ್ನು ತುತ್ತಿನ ಜೊತೆಗೇ ನುಂಗಿಬಿಟ್ಟರು. ಶುಕ್ರವಾರ ಒಂದು ಕಳೆಯಲಿ, ಆಮೇಲೆ ಹೇಳೋಣ ಅಂತ. ಆ ವಾರವೆಲ್ಲ ಬೆಳಗಿನ ಜಾವ ಅದೇ ಹೊತ್ತಿಗೆ, ಅದೇ ಬ್ಯಾಗು, ಅದೇ ಡಬ್ಬಿ ಹಿಡಿದು ಮನೆ ಬಿಟ್ಟರು. ಮಧ್ಯಾಹ್ನಕ್ಕೇ ಡ್ಯೂಟಿ ಮುಗಿದರೂ ಡಿಪೋದ ಬೆಂಚಿನ ಮೇಲೆ ಬಿದ್ದುಕೊಂಡಿದ್ದು ರಾತ್ರಿ ಬಂದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ಆ ಊರಿನಲ್ಲಿ ಅರ್ಧ ಜನ ಸಿಟಿ ಬಸ್ಸಿನಲ್ಲೇ ಓಡಾಡುವವರು. ಕಾಣದೆ ಇದ್ದದ್ದು ಬಸ್ಸೇ ಹತ್ತದ ಒಬ್ಬರಿಗೆ ಮಾತ್ರ.

ಶುಕ್ರವಾರ ಬಂತು. ಸಾಹೇಬರು ತೆಳ್ಳಗೆ, ಉದ್ದಕ್ಕೆ ಇದ್ದರು. ಕುರ್ಚಿ ಬೇಡವೆಂದು ಮಕ್ಕಳ ಬೆಂಚಿನ ಮೇಲೇ ಕೂತರು, ಮೊಣಕಾಲು ಗಲ್ಲಕ್ಕೆ ತಾಗುವಂತಿತ್ತು. ನಗಲಿಲ್ಲ. ಹೆಡ್ ಮೇಡಂ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಿದ್ದರು. ಬೋರ್ಡಿನ ಮೇಲೆ ಮಕ್ಕಳ ಅಂದಾಜು: ನಿನ್ನೆ ಹುಣ್ಣಿಮೆ, ಆದ್ದರಿಂದ ಇವತ್ತು ಮೇಲಿನ ಪಟ್ಟೆ. ಎಲ್ಲರದ್ದೂ ಒಂದೇ ಅಂದಾಜು.

ಫೋನು ಹೊಡೆದುಕೊಂಡಿತು. ಟೀವಿ ತುಂಬ ಡ್ರೈವರ ಮುಖ, ಮೀಸೆ, ಮೀಸೆಯ ಮೇಲೆ ಬೆವರು.

"ಗುಡ್ ಮಾರ್ನಿಂಗ್ ಸಾರ್! ನೀರು ಎಷ್ಟನೇ ಪಟ್ಟೆಗೆ?"

"ಅದೂ... ಮಕ್ಕಳೇ, ಇವತ್ತು ಕಂಬ ಇಲ್ಲ" ಎಂದರು ಡ್ರೈವರ್. "ಬಣ್ಣ ಹೊಡೆಯೋಕೆ ಕಿತ್ಕೊಂಡು ಹೋಗಿದಾರೆ."

"ನೀರೊಳಗಿನ ಕಂಬಾನ ಸಾರ್?"

"ಹೂಂ. ದೊಡ್ಡ ಕ್ರೇನು ಬಂದಿತ್ತು. ಹೋಗ್ಲಿ ಬಿಡಿ, ನೀರು ನೋಡಿ, ಎಷ್ಟು ಚೆನ್ನಾಗಿದೆ!"

ಫೋನು ನೀರಿನ ಕಡೆಗೆ ತಿರುಗಿತು. ಟೀಚರಿಗೆ ಒಂದೇ ನೋಟ ಸಾಕಾಯಿತು. ಅದು ತರಕಾರಿ ಮಾರುಕಟ್ಟೆಯ ಹಿಂದಿನ ಕೆರೆ. ಶಾಲೆಯಿಂದ ಕೂಗಿದರೆ ಕೇಳಿಸುವಷ್ಟು ದೂರ. ದಿನಾ ಸಂಜೆ ತರಕಾರಿ ತರಲು ಅವರು ನಡೆದುಹೋಗುವ ದಾರಿ. ಈ ಮನುಷ್ಯ ಬಸ್ಸಿನಲ್ಲಿರಬೇಕಾದ ಹೊತ್ತಿನಲ್ಲಿ ಅಲ್ಲಿ ಏನು ಮಾಡುತ್ತಿದ್ದಾನೆ? ಅಯ್ಯೋ, ಏನು ಮಾಡಿಕೊಂಡುಬಿಟ್ಟಿರಿ ಎಂದುಕೊಂಡರು. ಮೆಲ್ಲಗೆ ಸಾಹೇಬರ ಕಡೆ ನೋಡಿದರು. ಸಾಹೇಬರು ಹೊರಗಿನವರು, ಅವರಿಗೆ ಕೆರೆ ಯಾವುದು ಅಳಿವೆ ಯಾವುದು? ತಲೆದೂಗುತ್ತಾ ನೋಡುತ್ತಿದ್ದರು.

ಅದೇ ಹೊತ್ತಿಗೆ ಮೊದಲನೇ ಬೆಂಚಿನಲ್ಲಿ ಒಂದು ಕೈ ಮೇಲೆದ್ದಿತು. ಪ್ರಶ್ನೆಪತ್ರಿಕೆ.

ಕೈ ಕಾಣದ ಹಾಗೆ ಇದ್ದುಬಿಟ್ಟರೆ ಆಯಿತು. "ಎಲ್ಲಿ, ಅತಿಥಿ ಯಾರು ಸಾರ್" ಎಂದು ಮುಂದೆ ತಳ್ಳಿದರೆ ಆಯಿತು. ಪೀರಿಯಡ್ಡು ಉಳಿಯುತ್ತದೆ, ಗಂಡನ ಮಾನ ಉಳಿಯುತ್ತದೆ, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಟೀಚರ್ ಆ ಕೈಯನ್ನೇ ನೋಡಿದರು. ಬೆರಳ ತುದಿಯಲ್ಲಿ ಸೀಮೆಸುಣ್ಣದ ಪುಡಿ. ಎತ್ತಿದ ಕೈಯನ್ನು ಇವತ್ತಿನವರೆಗೆ ಅವರು ನೋಡದೆ ಬಿಟ್ಟಿರಲಿಲ್ಲ. ಈಗ ಬಿಟ್ಟರೆ ಆಮೇಲೆ ಯಾವ ಮುಖ ಇಟ್ಟುಕೊಂಡು ಇವಳ ಎದುರು ನಿಲ್ಲುವುದು?

"ಕೇಳಮ್ಮ" ಎಂದರು.

"ಟೀಚರ್, ಅಲ್ಲಿ ಮೂಲೇಲಿ ತಾವರೆ ಎಲೆ ಇದೆ. ಉಪ್ಪು ನೀರಲ್ಲಿ ತಾವರೆ ಬೆಳೆಯಲ್ಲ ಅಲ್ವಾ?"

ಕಟ್ಟೆ ಒಡೆದ ಹಾಗಾಯಿತು. "ಹೌದು ಟೀಚರ್, ಮತ್ತೆ ಹುಣ್ಣಿಮೆ ಅಲ್ವಾ, ನೀರು ಮೇಲೆ ಬಂದಿರ್ಬೇಕು, ಇಲ್ಲಿ ದಡದ ಕೆಸರೆಲ್ಲ ಒಣಗಿ ಬಿರುಕು ಬಿಟ್ಟಿದೆ!" "ಅಲೆಯೇ ಇಲ್ಲ ಟೀಚರ್!" "ಆಚೆ ದಡ ಇಷ್ಟು ಹತ್ತಿರ ಹೆಂಗ್ ಬಂತು?" ಡ್ರೈವರ್ ಗಾಬರಿಬಿದ್ದು ಫೋನನ್ನು ಆ ಕಡೆ ಈ ಕಡೆ ತಿರುಗಿಸಿದರು. ತಿರುಗಿಸಬಾರದಿತ್ತು. ಬಟ್ಟೆ ಒಗೆಯುವ ಕಲ್ಲು ಕಂಡಿತು, ಕಲ್ಲಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಒಬ್ಬ ಅಜ್ಜಿ ಕಂಡಳು.

"ನಮ್ಮಜ್ಜಿ!" ಎಂದು ಪ್ರಶ್ನೆಪತ್ರಿಕೆ ಕಿರುಚಿದಳು.

ಅಜ್ಜಿ ಹತ್ತಿರ ಬಂದಳು. "ಏನ್ ಡ್ರೈವರಪ್ಪ, ಇಲ್ಲಿ ಬಗ್ಗಿಕೊಂಡು ಏನ್ ಹುಡುಕ್ತಾ ಇದೀಯ? ಇವತ್ತು ಸಿಟಿ ಬಸ್ಸು ಬಿಡ್ಲಿಲ್ವಾ? ಈ ವಾರವೆಲ್ಲ ನಿನ್ನ ಬಸ್ಸಲ್ಲೇ ಬಂದೆ, ಪಾಪ, ಮಾತಾಡ್ಸಿದ್ರೂ ಮಾತಾಡ್ಲಿಲ್ಲ." ಆಮೇಲೆ ಫೋನಿನೊಳಗೆ ಇಣುಕಿದಳು. "ಅಯ್ಯೋ, ಇದು ನಮ್ಮ ಹುಡುಗಿ! ಲೇ, ಬೆಳಿಗ್ಗೆ ಹಾಸಿಗೆ ಮಡಚದೆ ಹೋದ್ಯಲ್ಲೇ! ಬಾ ಮನೆಗೆ, ಮಾಡ್ತೀನಿ ನಿನಗೆ!"

ತರಗತಿ ಬಿದ್ದು ಬಿದ್ದು ನಕ್ಕಿತು. ಕರೆ ಕಟ್ಟಾಯಿತು. ನಗು ನಿಂತಾಗ ಸಾಹೇಬರು ಟೀಚರ ಮುಖವನ್ನೇ ನೋಡುತ್ತಿದ್ದರು.

"ಏನಿದು ಟೀಚರ್?"

ಟೀಚರ್ ಎದ್ದು ನಿಂತರು. "ಸಾರ್, ಅದು ಅಳಿವೆ ಅಲ್ಲ, ನಮ್ಮೂರ ಕೆರೆ. ಅವರು ನಮ್ಮ ಯಜಮಾನ್ರು. ರೂಟು ಬದಲಾಗಿದೆ ಅಂತ ಕಾಣುತ್ತೆ, ನನಗೆ ಹೇಳಿಲ್ಲ. ನೀವು ಬರ್ತೀರ ಅಂತ ಹೀಗೆ ಮಾಡಿದಾರೆ. ತಪ್ಪು ಸಾರ್. ಇದುವರೆಗಿನ ಶುಕ್ರವಾರಗಳು ಮಾತ್ರ ನಿಜ."

ಹೆಡ್ ಮೇಡಂ ಕಣ್ಣು ಮುಚ್ಚಿಕೊಂಡರು. ಸಾಹೇಬರು ಪ್ರಶ್ನೆಪತ್ರಿಕೆಯ ಕಡೆ ತಿರುಗಿದರು. "ಹುಣ್ಣಿಮೆಗೂ ಪಟ್ಟೆಗೂ ಏನಮ್ಮ ಸಂಬಂಧ? ಪುಸ್ತಕದಲ್ಲಿ ಇದೆಯಾ?"

"ಪುಸ್ತಕದಲ್ಲಿ ಚಂದ್ರ ಮಾತ್ರ ಇದಾನೆ ಸಾರ್, ಕಂಬ ಇಲ್ಲ" ಎಂದಳು ಅವಳು. ಆಮೇಲೆ ಬೋರ್ಡಿಗೆ ಹೋಗಿ, ಸೂರ್ಯ ಇಲ್ಲಿ, ಚಂದ್ರ ಅಲ್ಲಿ, ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಎಳೆದರೆ ನೀರು ಹೇಗೆ ಏರುತ್ತದೆ ಎಂದು ಬರೆದು ತೋರಿಸಿದಳು. ಮಧ್ಯೆ ತಪ್ಪಿದಾಗ ಹಿಂದಿನ ಬೆಂಚಿನಿಂದ ಯಾರೋ ತಿದ್ದಿದರು. ಆ ತಿದ್ದಿದವನನ್ನು ಇನ್ಯಾರೋ ತಿದ್ದಿದರು. ಸ್ವಲ್ಪ ಹೊತ್ತಿಗೆ ತರಗತಿಯಲ್ಲಿ ಜಗಳವೇ ಹತ್ತಿಕೊಂಡಿತು. ಸಾಹೇಬರು ನಡುವೆ ನಿಂತು ಎಲ್ಲರ ಮಾತನ್ನೂ ಕೇಳುತ್ತಿದ್ದರು, ಬಂದ ಕೆಲಸ ಮರೆತವರ ಹಾಗೆ.

ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು. "ಮೇಡಂ, ಟೀವಿ ಎಲ್ಲಿದೆಯೋ ಅಲ್ಲೇ ಇರ್ಲಿ. ಗಣಿತಕ್ಕೆ ಬೇರೆ ಪೀರಿಯಡ್ಡು ಹುಡುಕಿ" ಎಂದರು. "ಇಷ್ಟು ಜನ ಸೇರಿ ಒಂದು ಸುಳ್ಳನ್ನ ಹಿಡಿದು ಹಾಕಿದಾರೆ. ಕಲಿತಿಲ್ಲ ಅಂತ ನಾನು ಹೆಂಗೆ ಬರೀಲಿ?"

ಟೀಚರಿಗೆ ಸಂತೋಷಪಡಲೂ ಪುರುಸೊತ್ತು ಸಿಗಲಿಲ್ಲ. ಬಾಗಿಲಲ್ಲಿ ಡ್ರೈವರ್ ಏದುಸಿರು ಬಿಡುತ್ತಾ ನಿಂತಿದ್ದರು. ಕೆರೆಯಿಂದ ಓಡಿಯೇ ಬಂದಿದ್ದರು, ಆ ಮೊಣಕಾಲಿನಲ್ಲಿ. ಪ್ಯಾಂಟಿನ ತುದಿಗೆ ಕೆಸರು. ಮಕ್ಕಳು ಅವರನ್ನು ಟೀವಿಯಲ್ಲಿ, ಗೋಡೆಯಷ್ಟು ದೊಡ್ಡ ಮುಖವಾಗಿ ಮಾತ್ರ ನೋಡಿದ್ದರು.

"ಅಯ್ಯೋ, ಸಾರ್ ಇಷ್ಟು ಕುಳ್ಳಾ!" ಎಂದು ಒಬ್ಬ ಬಾಯಿ ತಪ್ಪಿ ಅಂದುಬಿಟ್ಟ.

"ಸಾರ್, ತಪ್ಪಾಯ್ತು" ಎಂದರು ಡ್ರೈವರ್, ಸಾಹೇಬರಿಗೋ ಹೆಂಡತಿಗೋ ಮಕ್ಕಳಿಗೋ ತಿಳಿಯಲಿಲ್ಲ. "ಇವಳದೇನೂ ತಪ್ಪಿಲ್ಲ. ನೀರು ಯಾವುದಾದ್ರೇನು ಅಂದ್ಕೊಂಡೆ."

"ಇಷ್ಟು ವರ್ಷ ನನ್ನ ಜೊತೆ ಸಂಸಾರ ಮಾಡಿ, ನೀರು ಯಾವುದಾದ್ರೇನು ಅಂತೀರಾ!" ಎಂದು ಟೀಚರ್ ಎಲ್ಲರೆದುರಿಗೇ ಸಿಡಿದರು. ಸಿಟ್ಟು ನಿಜವಾದದ್ದೇ. ಕಣ್ಣಲ್ಲಿ ನೀರು ಬಂದದ್ದೂ ನಿಜವೇ. "ಬೆಳಗಾಗೆದ್ದು ಡಬ್ಬಿ ಕಟ್ಟಿಸ್ಕೊಂಡು ಹೋಗ್ತಿದ್ರಲ್ಲ, ಎಲ್ಲಿ ಕೂತು ತಿಂತಿದ್ರಿ?"

"ಡಿಪೋದಲ್ಲಿ."

"ಕರ್ಮ!"

ಅಷ್ಟರಲ್ಲಿ ಡಸ್ಟರುಗಳ ನಡುವೆ ಫೋನು ಮತ್ತೆ ಹೊಡೆದುಕೊಂಡಿತು. ಟೀವಿಯ ಮೇಲೆ ಹೆಸರು ಬಂತು, ಲಾಂಚ್ ಅಕ್ಕ. ಟೀಚರ್ ಏನು ಮಾಡುವುದೆಂದು ತೋಚದೆ ನಿಂತಾಗ ಸಾಹೇಬರೇ, "ತಗೊಳ್ಳಿ, ತಗೊಳ್ಳಿ" ಎಂದರು.

"ಏನ್ ಟೀಚರ್, ಮರೆತೇಬಿಟ್ರಾ?" ಟೀವಿ ನಡುಗುವಂತಿತ್ತು ಆ ಗಂಟಲು. "ಹೊಸ ಡ್ರೈವರ್ ಬಂದಿದಾನೆ, ಅಣ್ಣನ್ನ ಸಿಟಿಗೆ ಹಾಕಿದ್ರು ಅಂದ. ಅಣ್ಣ ಇಲ್ಲ ಅಂದ್ರೆ ಪಾಠಾನೂ ಇಲ್ವಾ? ನಾನಿಲ್ವಾ? ನೋಡ್ರೋ ಮಕ್ಕಳೇ, ಮೇಲಿನ ಪಟ್ಟೆ ಮುಳುಗೋಕೆ ಬಂತು!"

ಕಂಬ ಕಂಡಿತು. ಮೇಲಿನ ಕೆಂಪು ಪಟ್ಟೆಗೆ ನೀರು ತಾಗಿ ತಾಗಿ ಹೋಗುತ್ತಿತ್ತು. ಮಕ್ಕಳು 'ಹೋ' ಎಂದು ಕೂಗಿ ಚಪ್ಪಾಳೆ ತಟ್ಟಿದರು. ಸಾಹೇಬರೂ ತಟ್ಟಿಬಿಟ್ಟರು.

ಡ್ರೈವರ್ ಮೆಲ್ಲಗೆ ಕೊನೆಯ ಬೆಂಚಿಗೆ ಹೋಗಿ ಕೂತಿದ್ದರು. ಆ ದಡವನ್ನು ಅವರು ಯಾವತ್ತೂ ಟೀವಿಯಲ್ಲಿ ನೋಡಿದವರಲ್ಲ, ಯಾವಾಗಲೂ ಫೋನು ಹಿಡಿದು ಅಲ್ಲೇ ನಿಂತಿದ್ದವರು. ಲಾಂಚು ದಡಕ್ಕೆ ತಾಗಿತು. ಸಾಲಿನಲ್ಲಿದ್ದ ಬಸ್ಸು ಮುಂದೆ ಸರಿಯಿತು. ಅವರದೇ ಬಸ್ಸು. ಬಾಗಿಲ ಪಕ್ಕದ ಉಜ್ಜುಗಾಯ, ಎಡಗಡೆ ಬದಲಿಸಿದ ದೀಪ, ಎಲ್ಲ ಹಾಗೇ. ಸ್ಟೀರಿಂಗಿನ ಹಿಂದೆ ಮಾತ್ರ ಬೇರೆ ತಲೆ.

ಟೀಚರ್ ತಿರುಗಿ ನೋಡಿದರು. ಗಂಡ ಅಳುತ್ತಿದ್ದರು. ಸದ್ದಿಲ್ಲದೆ, ಒರೆಸಿಕೊಳ್ಳದೆ. ಆಗ ಅವರಿಗೆ ಹೊಳೆಯಿತು. ಈ ವಾರವೆಲ್ಲ ತಾನು ತನ್ನ ಪೀರಿಯಡ್ಡು ಹೋಗುತ್ತದೆಂದು ಅತ್ತದ್ದಾಯಿತು. ಈ ಮನುಷ್ಯನದು ಆಗಲೇ ಹೋಗಿತ್ತು. ಗುಡ್ಡ, ಬಯಲು, ಹೊಳೆ, ಅಳಿವೆ, ಎಲ್ಲ. ಒಂದು ಮಾತು ಹೇಳದೆ ಡಿಪೋದ ಬೆಂಚಿನ ಮೇಲೆ ಕೂತು ಡಬ್ಬಿ ತಿಂದ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಟೀಚರ್ ಹೋಗಿ ಆ ಕೊನೆಯ ಬೆಂಚಿನಲ್ಲಿ, ಗಂಡನ ಪಕ್ಕದಲ್ಲಿ ಒತ್ತಿ ಕೂತರು.

ಬಸ್ಸು ಲಾಂಚಿನ ಹಲಗೆ ಹತ್ತುವಾಗ ಒಮ್ಮೆ ಜಗ್ಗಿತು. ಡ್ರೈವರಿಗೆ ತಡೆಯಲಾಗಲಿಲ್ಲ.

"ಕ್ಲಚ್ ಮೇಲಿಂದ ಕಾಲು ನಿಧಾನಕ್ಕೆ ತೆಗಿಯೋ ಮಾರಾಯ!" ಎಂದು ಟೀವಿಯ ಕಡೆ ಗುಡುಗಿದರು.

ಲಾಂಚ್ ಅಕ್ಕ ಆ ಮಾತನ್ನು ಅದರ ದುಪ್ಪಟ್ಟು ಗಂಟಲಿನಲ್ಲಿ ಅಲ್ಲಿಗೆ ದಾಟಿಸಿದಳು. ಹೊಸಬ ಕಿಟಕಿಯಿಂದ ತಲೆ ಹೊರಗೆ ಹಾಕಿ ಸುತ್ತಲೂ ಹುಡುಕಿದ. ಆಮೇಲೆ ಫೋನು ಕಂಡಿತು, ನಕ್ಕ, ಕೈಯೆತ್ತಿದ. ಬಸ್ಸು ನಯವಾಗಿ ಹತ್ತಿಕೊಂಡಿತು. ಲಾಂಚು ದಡ ಬಿಟ್ಟು, ಚಿಕ್ಕದಾಗಿ, ಆಚೆಯ ಬೆಳಕಿನಲ್ಲಿ ಸೇರಿಹೋಗುವವರೆಗೆ ಲಾಂಚ್ ಅಕ್ಕ ದಡದಲ್ಲಿ ಫೋನು ಹಿಡಿದೇ ಇದ್ದಳು. ಬೆಲ್ಲು ಹೊಡೆದು ಎಷ್ಟೋ ಹೊತ್ತಾಗಿತ್ತು. ಹೊಡೆದದ್ದು ಹೆಡ್ ಮೇಡಂಗೂ ಕೇಳಿಸಿರಲಿಲ್ಲ.

ಡ್ರೈವರ್ ಮೂಗು ಒರೆಸಿಕೊಂಡು, ಮಕ್ಕಳ ಹಾಗೆಯೇ ಕೈ ಮೇಲೆತ್ತಿದರು.

"ಟೀಚರ್, ಒಂದು ಪ್ರಶ್ನೆ."

"ಕೇಳಿ."

"ಮುಂದಿನ ಶುಕ್ರವಾರ ನಾನೂ ಬರಬಹುದಾ?"

ಮಕ್ಕಳೆಲ್ಲ ಟೀಚರ ಮುಖ ನೋಡಿದರು. ಟೀಚರ್ ಕನ್ನಡಕ ಸರಿಮಾಡಿಕೊಂಡು, ಆದಷ್ಟು ಗಟ್ಟಿ ಧ್ವನಿಯಲ್ಲಿ ಹೇಳಿದರು, "ಬನ್ನಿ. ಆದ್ರೆ ನಮ್ಮ ಕ್ಲಾಸಲ್ಲಿ ಸುಳ್ಳು ಹೇಳಿದವರು ಮೊದಲನೇ ಬೆಂಚಲ್ಲಿ, ನನ್ನ ಕಣ್ಣೆದುರಿಗೇ ಕೂರ್ಬೇಕು."

ಡ್ರೈವರ್ ಎದ್ದು, ಕೆಸರು ಕಾಲಲ್ಲೇ ಮುಂದೆ ನಡೆದರು. ಪ್ರಶ್ನೆಪತ್ರಿಕೆ ತನ್ನ ಪುಸ್ತಕದ ಚೀಲ ಎತ್ತಿಕೊಂಡು ಸರಿದು ಜಾಗ ಮಾಡಿಕೊಟ್ಟಳು.